ಎರಡು ದಡಕ್ಕೂ ಒಂದೇ ನಂಬರ್

ಅಂದು ಬೆಳಿಗ್ಗೆ ಮಂಜು ಎಷ್ಟು ದಟ್ಟವಾಗಿತ್ತೆಂದರೆ, ಹೊಳೆಯ ಆಚೆ ದಡವನ್ನು ದೇವರೇ ಒರೆಸಿ ಹಾಕಿದಂತಿತ್ತು. ಆ ದಡದ ಪುಟ್ಟ ಹೆರಿಗೆಮನೆಯಲ್ಲಿ ಹೆಂಗಸೊಬ್ಬಳು ನೋವು ತಿನ್ನುತ್ತಿದ್ದಳು. ಹೊಟ್ಟೆಯೊಳಗಿನ ಮಗುವಿನ ಎದೆಬಡಿತ ಆಗಾಗ ಇಳಿಯುತ್ತಿತ್ತು. ಬಡಿತದ ಗೆರೆಯನ್ನು ಕಣ್ಣಾರೆ ನೋಡದೆ, ಇಂಥ ಮಂಜಿನಲ್ಲಿ ಅವಳನ್ನು ದೋಣಿ ಹತ್ತಿಸಿ ಎನ್ನಲು ಈಚೆ ದಡದ ದೊಡ್ಡಾಸ್ಪತ್ರೆಯ ಡಾಕ್ಟರಮ್ಮನಿಗೆ ಧೈರ್ಯವಿರಲಿಲ್ಲ. ತಂತಿ ಫೋನಿನಲ್ಲಿ ಮಾತು ದಾಟುತ್ತಿತ್ತು, ಚಿತ್ರ ದಾಟುತ್ತಿರಲಿಲ್ಲ.

ಚಿತ್ರ ದಾಟಿಸಲೆಂದೇ ಹಿಂದಿನ ದಿನ ಎರಡೂ ಛಾವಣಿಗಳ ಮೇಲೆ ವೈರ್‌ಲೆಸ್ ರೂಟರ್ ಕೂರಿಸಿದ್ದರು. ಅವೆರಡರ ನಡುವೆ, ಬಯಲು ಗಾಳಿಯಲ್ಲೇ, ಚಿತ್ರ ಹಾಯಲು ಪರರ ಕಣ್ಣಿಗೆ ಬೀಳದ ಸುರಂಗ ಕೊರೆಯಬೇಕು. ಆ ಕೆಲಸಕ್ಕೆ ಆಚೆ ಕಡೆ ಭಾವ, ಈಚೆ ಕಡೆ ಅವರ ಹೆಂಡತಿಯ ತಂಗಿ. ಅವಳಿಗೆ ಕೆಲಸ ಕಲಿಸಿದವರು ಭಾವನೇ.

ಸುರಂಗ ಕೂಡಿತೆಂದು ಹೇಳುವ ರೂಟರಿನ ದೀಪ ಎರಡೂ ಕಡೆ ಹಸಿರಾಗಿತ್ತು. ಡಾಕ್ಟರಮ್ಮನ ಪರದೆ ಮಾತ್ರ ಖಾಲಿ.

“ನಮ್ಮ ಕಡೆ ಎಲ್ಲ ಸರಿ ಇದೆ ಡಾಕ್ಟ್ರೇ,” ಎಂದಿತು ಸ್ಪೀಕರಿನಲ್ಲಿ ಭಾವನ ದನಿ. “ನಾದಿನಿ ಏನೋ ಎಡವಟ್ಟು ಮಾಡಿದಾಳೆ. ಹೊಸ ಕೈ ನೋಡಿ.”

ಡಾಕ್ಟರಮ್ಮ ತಿರುಗಿ ನೋಡಿದ ನೋಟಕ್ಕೆ ನಾದಿನಿಯ ಕಿವಿ ಬಿಸಿಯಾಯಿತು. ಮನಸ್ಸಿನಲ್ಲೇ ದೇವರನ್ನು ನೆನೆದು ಫೋನಿನತ್ತ ಬಾಗಿದಳು.

“ಭಾವ, ಅಲ್ಲಿನ ಯಂತ್ರಗಳಿಗೆ ಯಾವ ವಿಳಾಸದ ನಂಬರ್ ಕೊಟ್ರಿ?”

“ಯಾವಾಗ್ಲೂ ಕೊಡೋದೇ. ಹತ್ತು ವರ್ಷದ ಬಾಯಿಪಾಠ ನಂದು.”

“ದೊಡ್ಡಾಸ್ಪತ್ರೆಗೂ ಅದನ್ನೇ ಕೊಟ್ಟೋರು ನೀವೇ ಅಲ್ವಾ?”

“ಹೂಂ, ನಾನೇ. ಅದಕ್ಕೇನೀಗ?”

“ಎರಡು ಕೇರಿಗೂ ಒಂದೇ ಮನೆ ನಂಬರ್ ಇದ್ರೆ ಅಂಚೆಯಣ್ಣ ಹೊಳೆ ಯಾಕೆ ದಾಟ್ತಾನೆ? ಕಾಗದ ಇಲ್ಲೇ ಹಂಚಿ ಮಲಗ್ತಾನೆ. ನಿಮ್ಮ ಕಡೇದು ಬದಲಾಯಿಸಿ.”

“ನಿನ್ನ ಕಡೇದೇ ಬದಲಾಯಿಸು.”

“ಇಲ್ಲಿ ಮುನ್ನೂರು ಯಂತ್ರ ಇವೆ. ನಿಮ್ಮಲ್ಲಿ ನಾಲ್ಕು.”

“ಎದೆಬಡಿತದ ಯಂತ್ರ ಆರಿಸಿ ಹೊತ್ತಿಸ್ಬೇಕಾಗತ್ತೆ ಪುಟ್ಟಿ! ಎರಡು ನಿಮಿಷ ಕುರುಡು. ಉರಿಯೋ ಲಾಟೀನು ಆರಿಸಿ ಬತ್ತಿ ಸರಿಮಾಡು ಅಂತೀಯಲ್ಲ!”

“ನರ್ಸಕ್ಕ ಹೊಟ್ಟೆಗೆ ಕೊಳವೆ ಹಚ್ಚಿ, ಕಿವಿಯಿಟ್ಟು ಬಡಿತ ಎಣಿಸ್ಲಿ. ಅಷ್ಟರಲ್ಲಿ ಆಗುತ್ತೆ.”

“ಅವಳು ಹೇಳ್ದ ಹಾಗೆ ಮಾಡಿ,” ಎಂದರು ಡಾಕ್ಟರಮ್ಮ.

ಆಚೆ ದಡದ ಯಂತ್ರ ಆರಿತು. ಫೋನಿನಲ್ಲಿ ನರ್ಸಕ್ಕನ ದನಿಯೊಂದೇ. “ನೂರಿಪ್ಪತ್ತು.” ಬಸುರಿಯ ನರಳಿಕೆ. “ನೂರು.” ಮತ್ತೆ ನರಳಿಕೆ, ಮೊದಲಿಗಿಂತ ಉದ್ದ. “ತೊಂಬತ್ತು, ಡಾಕ್ಟ್ರೇ.” ಈಚೆ ನಾದಿನಿ ಕೀಲಿಮಣೆಯ ಮೇಲಿನ ಬೆರಳುಗಳನ್ನು ಮಡಚಿಕೊಂಡಳು. ಇನ್ನು ಅವಳು ಮಾಡುವುದೇನೂ ಇರಲಿಲ್ಲ, ಕಾಯುವುದಷ್ಟೇ.

ಪರದೆಯ ಅಂಚಿನಲ್ಲಿ ಗೆರೆಯೊಂದು ನಡುಗುತ್ತ ಹುಟ್ಟಿ, ತೆವಳುತ್ತ ಮುಂದೆ ಬಂತು.

ಡಾಕ್ಟರಮ್ಮ ಮೂರು ನೋವು ಕಾದು ನೋಡಿದರು. ಪ್ರತಿ ನೋವಿನ ಬೆನ್ನಿಗೂ ಗೆರೆ ಹಳ್ಳಕ್ಕಿಳಿಯುತ್ತಿತ್ತು, ಏರಲು ಸೋಮಾರಿತನ ಮಾಡುತ್ತಿತ್ತು.

“ದೋಣಿ ಬಿಡಿ. ಈಗಲೇ.”

ಅಂಬಿಗನಿಗೆ ದಿಕ್ಕು ತಪ್ಪದಿರಲೆಂದು ನಾದಿನಿ ಈಚೆ ದಡದ ಕಟ್ಟೆಯ ಮೇಲೆ ನಿಂತು ಕಬ್ಬಿಣದ ಸರಳನ್ನು ಬಡಿಯುತ್ತಲೇ ಇದ್ದಳು. ಮಂಜಿನೊಳಗಿಂದ ಮೊದಲು ಹುಟ್ಟಿನ ಸದ್ದು, ಆಮೇಲೆ ದೋಣಿಯ ಮೂತಿ. ಬಸುರಿಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಭಾವನೂ ಬಂದಿದ್ದರು.

ಶಸ್ತ್ರಕ್ರಿಯೆಯ ಕೋಣೆಯ ಬಾಗಿಲ ಹಿಂದೆ ಬಹಳ ಹೊತ್ತಿನ ಮೇಲೆ ಮಗು ಅತ್ತಿತು. ಡಾಕ್ಟರಮ್ಮ ಹೊರಬಂದು, ಕಾಯುತ್ತಿದ್ದ ನಾದಿನಿಯ ಹೆಗಲು ಮುಟ್ಟಿ, “ಇಬ್ಬರೂ ಚೆನ್ನಾಗಿದಾರೆ,” ಎಂದರು.

ಭಾವ ಒರಗಿದ್ದ ಗೋಡೆ ಬಿಟ್ಟು ಒಂದು ಹೆಜ್ಜೆ ಮುಂದೆ ಬಂದರು. ದೋಣಿ ದಡಕ್ಕೆಳೆಯುವಾಗ ನೆನೆದ ಬಟ್ಟೆಯಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು.

“ಡಾಕ್ಟ್ರೇ, ಬೆಳಿಗ್ಗೆ ಎಡವಟ್ಟು ನಾದಿನೀದು ಅಂದಿದ್ದೆ,” ಎಂದರು ಮೆಲ್ಲಗೆ. “ಅವಳದಲ್ಲ, ನಂದು.”