ಮಧ್ಯಾಹ್ನದ ಅರ್ಧ ಗಂಟೆ

ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಕೆಲಸ ಅವಳದು. ಮಧ್ಯಾಹ್ನ ಅರ್ಧ ಗಂಟೆ ಬಿಡುವು. ನಾಯಿಮರಿ ಬಂದ ಮೇಲೆ ಆ ಹೊತ್ತಿಗೆ ಮನೆಗೆ ಓಡಿಬಂದು, ಅದನ್ನು ಹಿತ್ತಲಿಗೆ ಬಿಟ್ಟು, ನಿಂತೇ ಎರಡು ತುತ್ತು ತಿಂದು ಹೋಗುತ್ತಿದ್ದಳು. ಹೊರಗೆ ಹೋಗಬೇಕಾದಾಗ ಬಾಗಿಲು ಕೆರೆಯುವುದನ್ನು ಮರಿ ಬೇಗನೇ ಕಲಿಯಿತು. ಆದರೂ ಮಾವನ ಕೋಣೆಯ ಮುಂದೆ ದಿನ ಬಿಟ್ಟು ದಿನ ನೆಲ ಒದ್ದೆಯಾಗಿರುತ್ತಿತ್ತು.

"ಭಾನುವಾರದೊಳಗೆ ಸರಿಹೋಗ್ಲಿಲ್ಲ ಅಂದ್ರೆ ಯಾರಿಗಾದ್ರೂ ಕೊಟ್ಬಿಡೋಣ," ಎಂದ ಗಂಡ.

ಶನಿವಾರ ಮಧ್ಯಾಹ್ನ ನೋಡಿದರೆ ಮತ್ತೆ ಒದ್ದೆ. ಅವಳು ಮರಿಯನ್ನು ಅಲ್ಲಿಗೇ ಎಳೆತಂದು ಬಾಯಿಗೆ ಬಂದಂತೆ ಬೈದಳು. ಅದು ಕಿವಿ ಮಡಚಿ ನೆಲಕ್ಕೆ ಅಂಟಿಕೊಂಡಿತು.

"ಅದನ್ನ ಬಿಡಮ್ಮ," ಎಂದರು ಮಾವ. ಮೂವತ್ತು ವರ್ಷ ರೈಲು ಓಡಿಸಿದ ಮನುಷ್ಯ, ಗೋಡೆ ಹಿಡಿದು ಹೊರಬಂದರು. "ಮರಿ ಅಲ್ಲ, ನಾನು. ಬಚ್ಚಲಿಗೆ ಹೋಗೋಷ್ಟರಲ್ಲಿ ತಡೆಯೋಕಾಗಲ್ಲ. ತಪ್ಪು ಅದರ ಮೇಲೆ ಹೋಗ್ಲಿ ಅಂತ ಸುಮ್ನಿದ್ದೆ."

ಅವಳು ಮರಿಯನ್ನು ಎತ್ತಿಕೊಂಡು ತಲೆ ಸವರಿದಳು. ಆಮೇಲೆ ಒಗೆದ ಪೈಜಾಮ ತಂದು ಮಾವನ ಕೈಗಿತ್ತು ನೆಲ ಒರೆಸಿದಳು.

"ಸೋಮವಾರ ರಜೆ ಹಾಕ್ತೀನಿ ಮಾವ. ಡಾಕ್ಟರ ಹತ್ರ ಹೋಗ್ಬರೋಣ. ಇವರಿಗೆ ನಾನೇನೂ ಹೇಳಲ್ಲ."

"ನಾನೇ ಹೇಳ್ತೀನಮ್ಮ. ಇಲ್ಲಾಂದ್ರೆ ನಾಳೆ ಮರಿ ಹೋಗ್ಬಿಡುತ್ತೆ."

ಸಂಜೆ ಮಗ ಚಪ್ಪಲಿ ಬಿಡುವ ಮೊದಲೇ ಅವರು ಹೇಳಿಬಿಟ್ಟರು. ಮಗ ಮರಿಯನ್ನು ಎತ್ತಿಕೊಂಡ. ಬಹಳ ಹೊತ್ತು ಅಪ್ಪನ ಪಕ್ಕದಲ್ಲೇ ಕೂತಿದ್ದ.