ಗ್ರಹಣ ನೋಡಿದ ನೆಗೆಟಿವ್

ಮನಿಷಾ ಒಂದ ಕಡೆ ಕುಂಡ್ರು ಜೀವ ಅಲ್ಲ. ಕಾಲಾಗ ಚಕ್ರ ಕಟ್ಕೊಂಡ ಹುಟ್ಟ್ಯಾಳ ಅಂತ ಉಗಾರದ ಅತ್ತಿನೂ ಅಂತಾಳ, ಜುಗೂಳದ ತವರ ಮಂದಿನೂ ಅಂತಾರ. ಆದ್ರ ಈ ಸಲದ ಚಡಪಡಿಕಿ ಕಾಲಿಂದಲ್ಲ, ಎದಿದು. ಅಣ್ಣ ಬೀರದೇವ ಜುಗೂಳದಾಗ ಕಟ್ಟಿಸಿದ ಹೊಸ ಮನಿ ಗ್ವಾಡಿಗೆ ಅವ್ವನ ಫೋಟೋ ಹಾಕಿದ್ನಲ್ಲ, ಆವತ್ತ ಸುರು ಆತು.

ಫೋಟೋ ಅಂದ್ರ ಅಂತಿಂಥಾ ಫೋಟೋ ಅಲ್ಲ. ಅವ್ವ ಲಗಮವ್ವ ತೀರಿಕೊಂಡಾಗ ಮನಿಷಾ ಇನ್ನೂ ಸಾಲಿ ಮೆಟ್ಟಲ ಹತ್ತಿದ್ದಿಲ್ಲ. ಕುರಿ ಹಿಂದ ಮಿರಜ ಕಡೆ ಹೋದಾಕಿ ಜ್ವರಕ್ಕ ಬಿದ್ದು ತಿರುಗಿ ಬರಲಿಲ್ಲ. ಆಕಿದು ಅಂತ ಇದ್ದದ್ದ ಒಂದ ಫೋಟೋ, ರೋಲ್ ಕ್ಯಾಮೆರಾದ ಕಾಲದ್ದು, ಕಾಗವಾಡದ ಗುರಪ್ಪನ ಸ್ಟುಡಿಯೋದಾಗ ತಗಿಸಿದ್ದು. ಅದೂ ಹತ್ತೊಂಬತ್ತರ ಮಹಾಪೂರದಾಗ ಹೋತು. ನೀರ ಇಳದ ಮ್ಯಾಲ ಹಳೇ ಮನಿಗೆ ಹೋಗಿ ನೋಡಿದ್ರ ಚೌಕಟ್ಟ ಗ್ವಾಡಿ ಮೊಳಿಗೆ ಜೋತ ಬಿದ್ದಿತ್ತು, ಗಾಜಿನ ಹಿಂದ ಬರೇ ಕೃಷ್ಣಿ ಹೊಳಿ ಕೆಸರು. ಹಂಗಾಗಿ ಬೀರದೇವ ನಿಪ್ಪಾಣ್ಯಾಗ ಕಂಪ್ಯೂಟರ್ ಇಟ್ಕೊಂಡ ಒಬ್ಬಾಂವನ ಹಿಡದ. "ನಿಮ್ಮ ಫೋಟೋ ಕೊಡ್ರಿ, ನಿಮ್ಮ ತಂಗೀದು ಕೊಡ್ರಿ, ಮೂಗುತಿ ಯಾ ಕಡೆ ಇತ್ತ ಹೇಳ್ರಿ, ಉಳದದ್ದ ಇದ ಮಾಡತೈತಿ" ಅಂದನಂತ ಅಂವ. ಮಾಡೇ ಬಿಡ್ತು.

ಹಣಿ ತುಂಬ ಕುಂಕುಮ, ಇಸ್ತ್ರಿ ಮಾಡಿದ ಹಸರ ಸೀರಿ, ಹಲ್ಲಂತೂ ಜಾಹೀರಾತಿನ್ಯಾಗಿನ ಹಲ್ಲು. ಕೆನ್ನಿ ಮ್ಯಾಲ ಒಂದ ಗೆರಿ ಇಲ್ಲ. ಕುರಿ ಹಿಂದ ಬಿಸಲಾಗ ಅಡ್ಡ್ಯಾಡಿದ ಹೆಣಮಗಳ ಕೆನ್ನಿ ಹಂಗ ಇರತಾವೇನು? ಮನಿಷಾನ ಮಗಳ ಮಯೂರಿ ಅದರ ಮುಂದ ನಿಂತು, "ಮಮ್ಮೀ, ನೀ ಯಾಕ ಇಷ್ಟ ದೊಡ್ಡ ಕುಂಕುಮ ಹಚ್ಕೊಂಡಿ?" ಅಂತ ಕೇಳಿತು. ಎಲ್ಲಾರು ಹೊಟ್ಟಿ ಹಿಡ್ಕೊಂಡ ನಕ್ರು. ಮನಿಷಾಗ ನಗಿ ಬರಲಿಲ್ಲ. ಕೂಸ ಅಂದದ್ದ ಖರೇನ ಇತ್ತು. ಮೂಗು ತನ್ನದು, ಗದ್ದ ತನ್ನದು, ಅವ್ವಗ ಕೈ ಮುಗಿಯಾಕ ಹೋದ್ರ ತನಗ ತಾನ ಕೈ ಮುಗದಂಗ ಆಕ್ಕಿತ್ತು.

ಅಪ್ಪ ಮಾಳಸಿದ್ದ ಮಾತ್ರ ಭಾಳ ಹೊತ್ತ ನೋಡಿ, "ಹೌದ, ಆಕಿನ" ಅಂದಿದ್ದ. ಅದ ಇನ್ನಷ್ಟ ಕೆಡಸಿತು. ಅಪ್ಪನ ಹೌದಂದ ಮ್ಯಾಲ ಅಲ್ಲ ಅನ್ನಾಕ ತಾ ಯಾರು? ಆಕಿ ತಲ್ಯಾಗ ಅವ್ವ ಇದ್ದದ್ದ ಅರ್ಧಂಬರ್ಧ. ಒಂದ ಕಂಬಳಿ ವಾಸನಿ, ಒಂದ ಒರಟ ಅಂಗೈ, ಎಲ್ಲೋ ಒಂದ ಮುಖದ ಅಂಚು. ಈಗ ಕಣ್ಣ ಮುಚ್ಚಿದ್ರ ಆ ಅಂಚಿನ ಜಾಗಾದಾಗ ನಿಪ್ಪಾಣಿ ಮುಖ ಬಂದ ಹಲ್ಲ ಕಿಸಿಯಾಕತ್ತಿತ್ತು. ಹಿಂಗ ಬಿಟ್ರ ಇರೂ ಅರ್ಧಾನೂ ಅಳಿಸಿ ಹೊಕ್ಕೈತಿ ಅನ್ನೂ ಅಂಜಿಕಿ ಆಕಿಗೆ ಹಿಡೀತು. ಫೋನಿನ್ಯಾಗ ಮಗಳದು ಸಾವಿರಗಟ್ಟಲೆ ಫೋಟೋ ಅದಾವ, ಉಂಡದ್ದು, ಮಲಗಿದ್ದು, ಮೂಗ ಸೋರಿದ್ದು. ಹೆತ್ತಾಕೀದ ಖರೇ ಮುಖ ಒಂದಿಲ್ಲ.

ಮರುದಿನ ಗಂಡ ಸುರಜ ಫ್ಯಾಕ್ಟರಿ ಡ್ಯೂಟಿಗೆ ಹೋದದ್ದ ತಡ, ಸ್ಕೂಟಿ ಹತ್ತಿದ್ಲು. ಹಂಗಾಮ ಸುರು ಆಗಿ ರಸ್ತೆ ತುಂಬ ಕಬ್ಬಿನ ಟ್ರ್ಯಾಕ್ಟರ್. ಒಂದರ ಹಿಂದ ಸಿಕ್ಕೊಂಡು ಹಾರ್ನ್ ಹೊಡದ ಹೊಡದ ಸಾಕಾಗಿ ಕಾಗವಾಡ ಮುಟ್ಟಿದ್ಲು.

ಗುರಪ್ಪನ ಸ್ಟುಡಿಯೋದಾಗ ಈಗ ಝರಾಕ್ಸ್, ಆಧಾರ್, ಪಾಸ್‌ಪೋರ್ಟ್ ಸೈಜ್ ಫೋಟೋ. ಗುರಪ್ಪ ಚಷ್ಮಾ ಏರಿಸಿ ಎಲ್ಲಾ ಕೇಳಿದ.

"ನಾ ನೆಗೆಟಿವ್ ಇಟ್ಕೊಳ್ಳಾಂವ ಅಲ್ಲವಾ. ಫೋಟೋ ಜೋಡಿ ಲಕೋಟಿಗೆ ಹಾಕಿ ಕೊಟ್ಟ ಬಿಡತಿದ್ದೆ. ನಿಮ್ಮಪ್ಪನ ಕೇಳು."

"ಕಾಕಾ, ಅದ ಸಿಕ್ರ ಅವ್ವ ಸಿಗತಾಳೇನ್ರಿ? ಮತ್ತ ಈ ಕಂಪ್ಯೂಟರ್ ಮಾಡಿದ್ದಕ್ಕೂ ಅದಕ್ಕೂ ಏನ ಫರಕ್ ಐತ್ರಿ?"

"ಕಂಪ್ಯೂಟರ್ ನಿಮ್ಮವ್ವನ ನೋಡಿಲ್ಲ ತಂಗಿ. ನೆಗೆಟಿವ್ ನೋಡೇತಿ. ಆಕಿ ಮೈಮ್ಯಾಲ ಬಿದ್ದ ಬೆಳಕ ಬಂದು ಅದರ ಮ್ಯಾಲ ಬಿದ್ದೈತಿ. ಅಷ್ಟ." ಗುರಪ್ಪ ಝರಾಕ್ಸ್ ಮಷೀನಿಗೆ ಹಾಳಿ ಹಾಕ್ಕೋತ ಸಣ್ಣಗ ನಕ್ಕ. "ಹಂಗಂತ ರೋಲ್ ಭಾಳ ಶಾಣ್ಯಾದ ಅನಬ್ಯಾಡ. ಕಣ್ಣ ಮುಚ್ಚಿದ್ರ ಪ್ರಿಂಟ್ ಬಂದ ಮ್ಯಾಲ ಗೊತ್ತಾಕ್ಕಿತ್ತು. ಮಂದಿ ಕಡೆ ಬೈಸ್ಕೊಂಡ ಬೈಸ್ಕೊಂಡ ನನ್ನ ಕೂದಲ ಉದರಿದ್ವು."

ಅಲ್ಲಿಂದ ಜುಗೂಳ. ಮಾಳಸಿದ್ದ ಹೊಸ ಮನಿ ಹಿಂದ ಕುರಿ ಹಟ್ಟಿ ಕಡೆ ಮಾರಿ ಮಾಡಿ ಉಣ್ಣಿ ನೂಲಾಕತ್ತಿದ್ದ. ನೆಗೆಟಿವ್ ಅಂದ್ರ ತಿಳಿಲಿಲ್ಲ. ಕೈಲೆ ಅಳತಿ ತೋರಿಸಿದ ಮ್ಯಾಲ ತಿಳೀತು.

"ಆ ಕರೇ ಪಟ್ಟಿನ? ಹಿಂದಕ ಸಂಕ್ರಾಂತಿ ಮರುದಿನ ಸೂರ್ಯಾಗ ಗ್ರಹಣ ಹಿಡದಿತ್ತ ನೋಡು, ಅವಾಗ ಕತ್ತರಿಸಿ ಓಣಿಗೆಲ್ಲಾ ಹಂಚಿದ್ನಿ. ಬರಿಗಣ್ಣಲೆ ನೋಡಬಾರದು ಅಂತಿದ್ರಲ್ಲ."

ಕರೇ ಪಟ್ಟಿ ಹಿಡದು ಸೂರ್ಯಾನ ನೋಡಿದ್ದ ಮನಿಷಾಗೂ ನೆಪ್ಪೈತಿ. ಅದರಾಗ ಅವ್ವ ಇದ್ಲು ಅನ್ನೂದ ಗೊತ್ತಿದ್ದಿಲ್ಲ.

"ಅವ್ವನ ಕತ್ತರಿಸಿ ಹಂಚಿದಿ ಅನ್ನು."

"ಫೋಟೋ ಮನ್ಯಾಗ ಇತ್ತಲ್ಲವಾ" ಅಂದ ಮಾಳಸಿದ್ದ. ಕೈಯಾಗಿನ ನೂಲೂ ಕದರ ನಿಂತಿತ್ತು. "ಆ ಪಟ್ಟ್ಯಾಗ ಆಕಿ ದೆವ್ವದಂಗ ಕಾಣತಿದ್ಲು. ಕೂದಲ ಬೆಳ್ಳಗ, ಮಾರಿ ಕರ್ರಗ. ಮನ್ಯಾಗ ಇಟ್ಕೊಳ್ಳಾಕ ನನಗ ಮನಸ ಆಗಲಿಲ್ಲ."

ಸಿಟ್ಟೂ ಬಂತು, ಮರಕನೂ ಬಂತು. ಎರಡನೂ ನುಂಗಿ ಆಕಿ ಓಣಿ ಹಿಡದ್ಲು. ದುರಗಪ್ಪನ ಪಾಲಿಗೆ ಬಂದ ತುಂಡ ಮಹಾಪೂರ ಒಯ್ದಿತ್ತು. ಮತ್ತೊಬ್ರ ಮನ್ಯಾಗ ಹುಡುಗ್ರು ಸುಟ್ಟ ನೋಡಿದ್ರಂತ, ನಾತ ಹೊಡೀತಂತ. ಇನ್ನೊಬ್ಬಾಕಿ ಕಾಂಚನ, "ಅಲ್ಲ ಬೇ, ಗ್ರಹಣ ಬಿಟ್ಟ ಮ್ಯಾಲ ಅದನ್ಯಾರ ಇಟ್ಕೋತಾರ?" ಅಂತ ನಕ್ಕಾಕಿ, ತಾನ ತಡದು ಅಂದ್ಲು: "ಇಟ್ಕೊಂಡ್ರ ರುಕ್ಮವ್ವಾಯಿ ಇಟ್ಕೊಂಡಿರಬೇಕು. ಆಕಿ ಹರಕ ಚಪ್ಪಲಿನೂ ಒಗಿಯಾಕಿ ಅಲ್ಲ. ಈಗ ಅಲಖನೂರಾಗ ಮಗಳ ಸುಗಂಧಾನ ಕಡೆ ಅದಾಳ."

ಬೀರದೇವನ ಫೋನ್ ಬಂತು. "ಎಲ್ಲಿ ಹಾಳಾಗಿ ಹೋಗಿ? ನಾಳಿ ಬಿಟ್ಟ ನಾಡದ ಮನಿ ವಾಸ್ತು ಶಾಂತಿ. ಫೋಟೋಕ್ಕ ಹಾರ ಹೇಳ ಅಂದಿದ್ನಿ, ಹೇಳಿಯೇನ?"

"ಹಾರ ಆಮ್ಯಾಲ ನೋಡೂಣಣ್ಣ."

"ಆ ಫೋಟೋದಾಗ ಏನ ಕಮ್ಮಿ ಆಗೇತಿ ನಿನಗ?"

"ಅವ್ವ ಕಮ್ಮಿ ಅದಾಳ" ಅಂದು ಫೋನ್ ಇಟ್ಲು.

ಬೀರದೇವ ಕೆಟ್ಟಾಂವ ಅಲ್ಲ. ತಾಯಿ ಇಲ್ಲದ ತಂಗೀನ ಹೆಗಲ ಮ್ಯಾಲ ಹೊತ್ತಾಂವ. ಖಾಲಿ ಗ್ವಾಡಿ ನೋಡಾಕಾಗದ ಫೋಟೋ ಮಾಡಿಸಿದ್ದ. ಅದು ಮನಿಷಾಗ ಗೊತ್ತಿತ್ತು. ಗೊತ್ತಿದ್ದಕ್ಕ ಚಡಪಡಿಕಿ ಹೆಚ್ಚಾತ ಹೊರತು ಕಮ್ಮಿ ಆಗಲಿಲ್ಲ. ಆವತ್ತ ರಾತ್ರಿ ಊಟ ಸೇರಲಿಲ್ಲ, ಮರುದಿನ ಮುಂಜಾನಿ ಎದ್ದಾಕಿನ ಕುಡಚಿ ಪೂಲ ದಾಟಿದ್ಲು. ಕೆಳಗ ಹೊಳಿ ಏನೂ ಅರಿಯದಾಕಿಯಂಗ ತಣ್ಣಗ ಹರ್ಯಾಕತ್ತಿತ್ತು. ಅವ್ವನ ನುಂಗಿ ನೀರ ಕುಡದ್ಯಲ್ಲ, ಅಂತ ಮನಸಿನ್ಯಾಗ ಬೈದ್ಲು.

ರುಕ್ಮವ್ವ ಅಲಖನೂರಾಗ ಬಿಸಲಿಗೆ ಕಾಲ ಚಾಚಿ ಕುಂತಿದ್ಲು. ಎಂದೋ ಮುರದ ಕಾಲದು. ಮನಿಷಾ ಹೇಳಿ ಮುಗಸೂದ್ರಾಗ, "ಏ ಸುಗಂಧಾ, ನನ್ನ ಕಾಲಿನ ಫೋಟೋ ತಾ" ಅಂದ್ಲು.

ಮನಿಷಾ ಮಾರಿ ಸಪ್ಪಗ ಮಾಡಿದ್ಲು. ಮುದುಕಿಗೆ ಕಿವಿ ಮಂದ ಆಗ್ಯಾವೇನೋ ಅಂದ್ಕೊಂಡ್ಲು. ಸುಗಂಧಾ ನಕ್ಕೋತ ಒಳಗಿಂದ ದವಾಖಾನಿ ಎಕ್ಸರೇ ಕವರ್ ತಂದ್ಲು. "ಮಹಾಪೂರದಾಗ ಮಂದಿ ಎಲ್ಲಾ ರೇಷನ್ ಕಾರ್ಡ್ ಹಿಡ್ಕೊಂಡ ದೋಣಿ ಹತ್ತಿದ್ರ, ನಮ್ಮವ್ವ ಇದನ್ನ ಹಿಡ್ಕೊಂಡ ಹತ್ಯಾಳ ನೋಡಕ್ಕಾ. ಡಾಕ್ಟರ್ ಕೇಳಿದ್ರ ಏನ ಕೊಡೂದು ಅಂತಾಳ."

"ನಗು ನಗು. ಕಾಲ ನಿಂದಲ್ಲ" ಅಂದ್ಲು ರುಕ್ಮವ್ವ. ಕವರಿನ್ಯಾಗಿಂದ ಎಲುವಿನ ಫೋಟೋ ಒಂದ ಬಂತು, ಎರಡ ಬಂದ್ವು, ನಡಕ ಅಂಟ್ಕೊಂಡ ಕೂತ ಸಣ್ಣ ಕರೇ ಪಟ್ಟಿ ಬಂತು. "ಗ್ರಹಣದ್ದು. ಮಹಾಪೂರ ಬಂದ ವರ್ಷ ಮತ್ತ ಹಿಡೀತಲ್ಲ, ಅವಾಗೂ ಇದರಾಗ ನೋಡಿದ್ನಿ. ಇನ್ನೊಮ್ಮೆ ಹಿಡದ್ರ ಬೇಕಲ್ಲವಾ."

ಮನಿಷಾ ಎರಡ ಬೆರಳಲೆ ಅಂಚ ಹಿಡದು ಬೆಳಕಿಗೆ ಎತ್ತಿದ್ಲು. ಒಂದೂವರಿ ಚಿತ್ರ ಇದ್ವು. ಅರ್ಧದಾಗ ಬರೇ ಸೀರಿ ನಿರಿಗಿ ಮತ್ತ ಎರಡ ಕಾಲು. ನೆಟ್ಟಗ ನಿಂತ ಫೋಟೋ ಅದ ಇರಬೇಕು, ಅಪ್ಪನ ಕತ್ತರಿ ಸೊಂಟದ ಮ್ಯಾಲ ಆಡಿತ್ತು. ಇಡೀ ಇದ್ದ ಚಿತ್ರದಾಗ ಯಾರೋ ಬಾಗಿದಂಗಿತ್ತು, ಮುಖ ಇರಬೇಕಾದಲ್ಲಿ ಒಂದ ಮಬ್ಬು. ಅಷ್ಟ.

"ಕಂಡ್ಳೇನವಾ ನಿಮ್ಮವ್ವ?" ಅಂತ ಕೇಳಿದ್ಲು ರುಕ್ಮವ್ವ.

"ಗೊತ್ತಾಗವಲ್ದ ಆಯಿ."

ಅಲಖನೂರಿಂದ ಕಾಗವಾಡದ ಮಟ ಆ ಒಂದ ಮಬ್ಬ ಆಕಿ ಜೀವ ತಿಂತು. ಮುಖ ಐತೋ ಇಲ್ಲೋ. ಫೋನಿಂದಾದ್ರ ಅಲ್ಲೇ ಬೆರಳಲೆ ಹಿಗ್ಗಿಸಿ ನೋಡಬಹುದಿತ್ತು. ಇದು ಹಂಗ ಬಗ್ಗೂದಲ್ಲ, ಕಾಯ್ ಅಂದ್ರ ಕಾಯಬೇಕು. ಕಾಯೂದು ಆಕಿ ಹಣ್ಯಾಗ ಬರದದ್ದಲ್ಲ. ಪೂಲಿನ ಮ್ಯಾಲ ಗಾಡಿ ನಿಲ್ಲಿಸಿ ಮತ್ತೊಮ್ಮೆ ಬಿಸಲಿಗೆ ಹಿಡದ್ಲು, ಮತ್ತ ಅದ ಮಬ್ಬು, ಹಿಂದಿನ ಟ್ರ್ಯಾಕ್ಟರಿನಾಂವ ಬೈದ, ಹೊಂಟ್ಲು.

ಗುರಪ್ಪ ಪಟ್ಟಿ ಒರಸಿ, ಹಳೇ ಸ್ಕ್ಯಾನರಿನ ಧೂಳ ಜಾಡಿಸಿ ಇಟ್ಟ. ಬಣ್ಣ ತಿರುವಿದ. ಪರದೆ ಮ್ಯಾಲ ಕರ್ರಗಿದ್ದದ್ದ ಬೆಳ್ಳಗಾತು, ಬೆಳ್ಳಗಿದ್ದದ್ದ ಕರ್ರಗಾತು.

"ಹ್ಹಾ, ಇದು ಕೆಟ್ಟ ಫೋಟೋ ತಂಗಿ. ಅಲಗ್ಯಾಡ್ಯಾಳ. ಅದಕ್ಕ ಇದರದು ಪ್ರಿಂಟ್ ಹಾಕಿದ್ದಿಲ್ಲ, ಇನ್ನೊಂದ ಹೊಡದು ಅದನ್ನ ಕೊಟ್ಟಿದ್ನಿ." ಗುರಪ್ಪ ಚಷ್ಮಾ ತಗದು ಪರದೆಗೆ ಇನ್ನಷ್ಟ ಸಮೀಪ ಸರದ. "ಈಗಿನ ಕ್ಯಾಮೆರಾ ಆಗಿದ್ರ ಇದನ್ನ ಅಲ್ಲೇ ಅಳಿಸಿ ಬಿಡತಿದ್ದೆ ನೋಡು. ರೋಲಿನ್ಯಾಗ ಅಳಸಾಕ ಬರತಿದ್ದಿಲ್ಲ. ಕೆಟ್ಟದ್ದೂ ಉಳಕೋತಿತ್ತು."

ಮನಿಷಾ ಪರದೆ ಕಡೆ ಬಾಗಿದ್ಲು. ಬಿಸಲಿಗೆ ಸುಟ್ಟ ಕೆನ್ನಿ ಇತ್ತು, ಬಾಯಿ ಅರ್ಧ ತಗದಿತ್ತು, ಒಂದ ಹಲ್ಲಿನ ಮ್ಯಾಲ ಒಂದ ಹಲ್ಲು ಏರಿತ್ತು. ಮುಖ ಪಕ್ಕಕ್ಕ ತಿರಗೂದ್ರಾಗ ಮೂಗುತಿ ಒಂದ ಹೊಳಪಿನ ಗೆರಿ ಆಗಿತ್ತು. ಒಂದ ಕೈ ಕೆಳಗ ಚಾಚಿತ್ತು. ಮೂಗ ಮನಿಷಾಂದಲ್ಲ, ಗದ್ದಾನೂ ಆಕಿದಲ್ಲ. ಗುರಪ್ಪ ಪ್ರಿಂಟ್ ತಗದ ಕೊಟ್ಟ.

ಜುಗೂಳದಾಗ ಬೀರದೇವ ಫೋಟೋ ಕೈಗೆ ತಗೊಂಡ, ತಿರುಗಿಸಿದ, ಮಾರಿ ಗಂಟ ಹಾಕಿದ.

"ಇದನ್ನ ಹಾಕೂದ? ನಾಳಿ ಬೀಗರ ಬರತಾರ, ಸಾಲಿ ಮಾಸ್ತರ ಬರತಾರ. ಮುಖಾನ ನೆಟ್ಟಗ ಕಾಣವಲ್ದು. ಅಪ್ಪ ಆ ಫೋಟೋ ನೋಡಿ ಹೌದು ಅಂದಾನ, ಮತ್ತ್ಯಾಕ?"

"ಅಪ್ಪಗ ತೋರಸಣ್ಣ" ಅಂದ್ಲು ಮನಿಷಾ. ಅಪ್ಪ ಇದನ್ನೂ ಬರೇ ಹೌದು ಅಂದ್ರ ತನಗ ಎಂದೂ ಖಾತ್ರಿ ಆಗಾಕಿಲ್ಲ ಅಂತ ಆಕಿಗೆ ಗೊತ್ತಿತ್ತು.

ಮಾಳಸಿದ್ದ ಫೋಟೋ ಇಸ್ಕೊಂಡು ಬಾಗಲದ ಬೆಳಕಿಗೆ ಹೋದ. ಹೌದ ಅನಲಿಲ್ಲ, ಅಲ್ಲ ಅನಲಿಲ್ಲ. ಕಣ್ಣ ಕಿರಿದ ಮಾಡಿ ನೋಡಿದ. ಆಮ್ಯಾಲ ಮಕ್ಕಳ ಇದ್ದದ್ದ ಮರತು, ಹಟ್ಟ್ಯಾಗ ಕೆಲಸಕ್ಕ ಅತ್ತಿಂದಿತ್ತ ಓಡಾಡಾಕಿಗೆ ಅಂದಂಗ ಅಂದ:

"ಏ ಲಗಮಿ, ನಿಂದ್ರಲೇ ಒಂದ ಚಣ."

ಮಾಳಸಿದ್ದ ಟವೆಲ್ ತಗದು ಕಣ್ಣ ಒರಸ್ಕೊಂಡ. "ಹಿಂಗ ಇದ್ಲಪಾ ಇಕಿ. ಒಂದ ಕಡೆ ನಿಂತಾಕಿ ಅಲ್ಲ. ಫೋಟೋದಾಂವ ನಿಂದ್ರವಾ ನಿಂದ್ರವಾ ಅಂತಾನ, ಇದು ಓಡಿ ಹೋಗಿ ಅಂವನ ದೀಪದ ವೈರ್ ಜಗ್ಗಾಕ ಹತ್ತೇತಿ, ಇಕಿ ಹಿಡ್ಯಾಕ ಬಾಗ್ಯಾಳ."

"ಯಾರು ಜಗ್ಗಿದ್ದು?" ಅಂದ ಬೀರದೇವ.

ಮಾಳಸಿದ್ದ ಫೋಟೋದ ಕೆಳಗಿನ ಮೂಲಿಗೆ ಬೆರಳ ಇಟ್ಟ. ಅಲ್ಲಿ ಒಂದ ಹಿಡಿ ಕೆದರಿದ ಕೂದಲು, ಒಂದ ಸಣ್ಣ ಕೈ, ಉಳದದ್ದ ಚಿತ್ರದ ಹೊರಗ. ಮನಿಷಾ ಅದನ್ನ ಪರದೆ ಮ್ಯಾಲೂ ನೋಡಿದ್ದಿಲ್ಲ, ಪ್ರಿಂಟಿನ್ಯಾಗೂ ನೋಡಿದ್ದಿಲ್ಲ. ಅವ್ವನ ಮುಖ ಬಿಟ್ಟ ಬ್ಯಾರೆ ಕಡೆ ಕಣ್ಣ ಹೋಗಿದ್ದಿಲ್ಲ.

"ಮತ್ತ ಆ ದಿನ ಯಾಕ ಹೌದ ಅಂದ್ಯೊ ಅಪ್ಪಾ?" ಅಂತ ಕೇಳಿದ ಬೀರದೇವ.

"ನೀವಿಬ್ರೂ ನನ್ನ ಮಾರಿ ನೋಡ್ಕೋತ ನಿಂತಿದ್ರಿ. ಏನ ಅನಲಿ."

ಬೀರದೇವ ಸ್ಟೂಲ್ ತಂದ. ನಿಪ್ಪಾಣಿ ಫೋಟೋ ಇಳಿಸಿ, ಅದರ ಚೌಕಟ್ಟ ಬಿಚ್ಚಿ, ಗಾಜ ಒರಸಿ, ಇದನ್ನ ಕುಂಡ್ರಿಸಿ ಮೊಳಿಗೆ ಹಾಕಿದ. ನಾಳಿನ ವಾಸ್ತುಕ್ಕ ಸುರಜನ ಜೋಡಿ ಬಂದಿದ್ದ ಮಯೂರಿ ಅಂವನ ಕೈ ಬಿಟ್ಟ ಬಂದು ಕೆಳಗ ನಿಂತು ಕತ್ತೆತ್ತಿ ನೋಡಿತು.

"ಮಮ್ಮೀ, ಆಯಿ ಯಾಕ ನಮ್ಮ ಕಡೆ ನೋಡವಲ್ಲಳು?"

ಮನಿಷಾ ಗ್ವಾಡಿಗೆ ಬೆನ್ನ ಹಚ್ಚಿ ಕೆಳಗ ಕುಂತ್ಲು. ಮೂರ ದಿನದಾಗ ಮದಲನೇ ಸಲ ಕಾಲ ಚಾಚಿ ಕುಂತ್ಲು. ಅಳು ತಡಿಯಾಕ ಆಗಲಿಲ್ಲ, ತಡಿಯಾಕ ಹೋಗಲೂ ಇಲ್ಲ.

"ನನ್ನ ನೋಡಾಕತ್ತಾಳವಾ" ಅಂದ್ಲು.