ಹುಳುಮನೆಗೆ ನುಗ್ಗಿದ ಉಡುಗೊರೆ

ಹುಳು ನಾಲ್ಕನೇ ಜ್ವರ ಎದ್ದಿದೆ, ಕೊನೆಯ ಸಲ ಪೊರೆ ಕಳಚಿ ಮೇವಿಗೆ ಬಾಯಿ ಹಾಕಿದೆ ಎಂದರೆ ಶಿಡ್ಲಘಟ್ಟ ಸೀಮೆಯ ರೇಷ್ಮೆ ಮನೆಗಳಲ್ಲಿ ಊದುಬತ್ತಿ ಕೂಡ ಹಚ್ಚುವುದಿಲ್ಲ. ಶ್ಯಾಮಲಮ್ಮನಂತೂ ಆ ವಾರವೆಲ್ಲ ಮೆಣಸಿನಕಾಯಿ ಒಗ್ಗರಣೆಯನ್ನೇ ಹಾಕುತ್ತಿರಲಿಲ್ಲ. ಗಂಡ ಆವಲಪ್ಪನಿಗೆ ಬೀಡಿ ಬೇಕೆಂದರೆ ರಸ್ತೆಯಾಚೆಯ ಹುಣಸೆಮರದ ಬುಡಕ್ಕೆ ಹೋಗಬೇಕು, ಬಾಯಿ ಮುಕ್ಕಳಿಸಿ ಕೈ ತೊಳೆದು ಬರಬೇಕು. ರೇಷ್ಮೆಹುಳುವಿಗೆ ಹೊಗೆ ಆಗದು. ಅದು ಆ ಊರಿನ ಮಕ್ಕಳಿಗೂ ಗೊತ್ತು.

ಗೊತ್ತಿದ್ದೂ ಗೊತ್ತಿದ್ದೂ ಮಾಡಿದರಲ್ಲ, ಅದೇ ಹೊಟ್ಟೆ ಉರಿಯುವ ಮಾತು. ಚಿಕ್ಕಬಳ್ಳಾಪುರ ಜಿಲ್ಲೆಯಾಗಿ ಆಗಿನ್ನೂ ವರ್ಷ ತುಂಬಿರಲಿಲ್ಲ. ಮಗಳು ಮೌನಿಕಾಳ ಮದುವೆಗೆಂದೇ ಶ್ಯಾಮಲಮ್ಮ ಆ ಬೆಳೆ ಇಟ್ಟಿದ್ದಳು. ಇನ್ನು ನಾಲ್ಕೈದು ದಿನ ಕಳೆದರೆ ಹುಳು ಹಣ್ಣಾಗಿ ಗೂಡು ಕಟ್ಟಬೇಕು. ಬೆಳಿಗ್ಗೆ ಹಿಪ್ಪುನೇರಳೆ ಸೊಪ್ಪು ಹೊತ್ತು ಹೋದರೆ, ಹುಳುಮನೆ ಬಾಗಿಲಲ್ಲೇ ಅವಳಿಗೆ ಕೆಮ್ಮು ಹತ್ತಿತು. ಮಳೆ ಸುರಿದ ಹಾಗೆ ಸದ್ದು ಮಾಡಿಕೊಂಡು ತಿನ್ನುತ್ತಿದ್ದ ಹುಳುಗಳು ತಲೆಯೆತ್ತಿ ಸುಮ್ಮನಾಗಿದ್ದವು. ಗೋಡೆ ಪಕ್ಕದ ತಟ್ಟೆಗಳಲ್ಲಿ ಹಸಿರು ನೀರು ಕಕ್ಕಿಕೊಂಡು ಒದ್ದಾಡುತ್ತಿದ್ದವು.

ಕಿಟಕಿಯ ಆಚೆ ಕಪ್ಪು ಹೊಗೆ. ಪಕ್ಕದ ಮನೆ ಅನಸೂಯಮ್ಮ ತನ್ನ ಹಿತ್ತಲಲ್ಲಿ, ಹುಳುಮನೆಯ ಗೋಡೆಗೆ ಒತ್ತಿಕೊಂಡೇ ಕಸದ ರಾಶಿಗೆ ಬೆಂಕಿ ಇಟ್ಟಿದ್ದಳು. ಹಿಂದಿನ ದಿನ ಅವಳ ಮೊಮ್ಮಗನ ನಾಮಕರಣ. ಊಟದ ಪ್ಲಾಸ್ಟಿಕ್ ತಟ್ಟೆ, ಲೋಟ, ಉಳಿದ ತಾಂಬೂಲದ ಕವರು, ಉಡುಗೊರೆಗೆ ಸುತ್ತಿದ್ದ ಮಿಂಚುವ ಕಾಗದ, ಎಲ್ಲ ಅದರಲ್ಲಿ ಕರಗಿ ಬುರುಬುರು ಎನ್ನುತ್ತಿದ್ದವು.

ಶ್ಯಾಮಲಮ್ಮ ತೊಟ್ಟಿಯಿಂದ ಎರಡು ಬಿಂದಿಗೆ ನೀರು ತಂದು ಬೆಂಕಿಯ ಮೇಲೆ ಸುರಿದಳು. ಆಮೇಲೆ ಬಾಯಿ ತೆಗೆದಳು.

“ನಿನಗೆ ಬುದ್ಧಿ ಐತೇನೇ ಅನಸೂಯಾ? ಹುಳ ಜ್ವರ ಎದ್ದವೆ ಅಂತ ನೆನ್ನೆ ತಾನೇ ನಿಮ್ಮನೆ ಪಂಕ್ತೀಲಿ ಕೂತ್ಕೊಂಡು ಹೇಳಿದ್ನಲ್ಲ. ನನ್ನ ಮಗಳ ಮದುವೆ ಬೆಳೆ ಕಣೇ ಅದು.”

“ಸೌದೆ ಹಾಕಿಲ್ಲಕ್ಕ ನಾನು,” ಅನಸೂಯಮ್ಮನ ಮುಖ ಬಿಳಿಚಿಕೊಂಡಿತ್ತು. “ಬರೀ ಕವರು, ಕಾಗದ. ಬುಸ್ ಅಂತ ಉರಿದು ಹೋಗ್ತದೆ ಅಂದ್ಕೊಂಡೆ.”

“ಅಂದ್ಕೊಂಡ್ಳಂತೆ. ಹೋಗಿ ನನ್ನ ಹುಳಕ್ಕೆ ಹೇಳು.”

ಗಲಾಟೆ ಕೇಳಿ, ಶಾಲೆಗೆ ಹೊರಟಿದ್ದ ಸಂಘಮಿತ್ರ ಟೀಚರ್ ಹಿತ್ತಲಿಗೆ ಬಂದರು. ಊರಿನ ಮಹಿಳಾ ಸಂಘದಲ್ಲೂ ಇರುವ ಹೆಂಗಸು, ಎರಡೂ ಮನೆಗೆ ಬೇಕಾದವರು.

“ಸೌದೆ ಹೊಗೆಗಿಂತ ಇದು ಕೆಟ್ಟದ್ದು ಅನಸೂಯಮ್ಮ,” ಎಂದರು. “ಇದರಲ್ಲಿ ವಿಷ ಇರ್ತದೆ. ಹುಳ ಸೂಕ್ಷ್ಮ, ಮೊದಲು ಬಿತ್ತು. ಒಳಗೆ ನಿಮ್ಮ ಬಾಣಂತಿ, ಹಸುಗೂಸು ಮಲಗಿದಾರಲ್ಲ, ಅವರೂ ಇದನ್ನೇ ಕುಡಿದಿರೋದು.”

ಅನಸೂಯಮ್ಮ ಒಳಗೆ ಓಡಿ ಮಗುವಿನ ಕೋಣೆಯ ಕಿಟಕಿ ಮುಚ್ಚಿ ಬಂದಳು. ಶ್ಯಾಮಲಮ್ಮನ ಸಿಟ್ಟು ಇನ್ನೂ ಇಳಿದಿರಲಿಲ್ಲ. ಕೋಲು ತೆಗೆದುಕೊಂಡು ರಾಶಿ ಕೆದಕಿದಳು. “ನೋಡಿ ಟೀಚರಮ್ಮ, ಏನೇನು ಸುಟ್ಟವಳೆ ನೋಡಿ.”

ಕೋಲಿನ ತುದಿಗೆ ಅರ್ಧ ಸುಟ್ಟ ಕೆಂಪು ಮಿಂಚುಕಾಗದ ಸಿಕ್ಕಿಕೊಂಡು ಬಂತು. ಅದರ ಮೇಲೆ ಚೀಟಿ. ಚೀಟಿಯಲ್ಲಿ ಮೌನಿಕಾಳ ದುಂಡು ಅಕ್ಷರ: ‘ಪ್ರೀತಿಯಿಂದ, ಆವಲಪ್ಪ ಮತ್ತು ಮನೆಯವರು.’

“ಅದು ನೀನು ತಂದಿದ್ದೇ ಅಕ್ಕ,” ಅನಸೂಯಮ್ಮ ಮೆಲ್ಲಗೆ ಹೇಳಿದಳು. “ಪ್ಲಾಸ್ಟಿಕ್ ಹೂವಿನ ಕುಂಡ. ಅಂಥವೇ ಆರು ಬಂದಿದ್ವು. ನಿನ್ನದು ದಾರೀಲೇ ಮುರಿದಿತ್ತು, ಹಾಕ್ದೆ.”

ಚಿಂತಾಮಣಿಯ ಅಂಗಡಿಯಲ್ಲಿ “ದೊಡ್ಡದಾಗಿ ಕಾಣೋದು ಕೊಡಪ್ಪ” ಎಂದು ಕೇಳಿ, ಮೇಲೊಂದು ಕವರು ಹಾಕಿಸಿ ತಂದದ್ದು ಶ್ಯಾಮಲಮ್ಮನೇ. ತನ್ನ ಉಡುಗೊರೆಯ ಹೊಗೆ ತನ್ನ ಹುಳುಮನೆಗೇ ಬಂದಿತ್ತು. ಈಗ ಬೈಯಬೇಕಾದದ್ದು ಯಾರನ್ನು? ಅವಳಿಗೆ ನಾಚಿಕೆಯೂ ಆಯಿತು, ಸಿಟ್ಟು ಇನ್ನೂ ಹೆಚ್ಚಾಯಿತು.

ಅರ್ಧ ಬೆಳೆ ತಿಪ್ಪೆಗೆ ಹೋಯಿತು. ಉಳಿದ ಹುಳು ಕಟ್ಟಿದ ಗೂಡು ತೆಳ್ಳಗೆ. ಶಿಡ್ಲಘಟ್ಟದ ಮಾರುಕಟ್ಟೆಯಲ್ಲಿ ನೂಲು ತೆಗೆಯುವವರು ಬೆರಳಲ್ಲಿ ಒತ್ತಿ ನೋಡಿ, ಚೆನ್ನಾಗಿದ್ದದ್ದನ್ನಷ್ಟೇ ಆರಿಸಿಕೊಂಡು ಉಳಿದದ್ದನ್ನು ಪಕ್ಕಕ್ಕೆ ತಳ್ಳಿದರು. ಹಾಗೆ ತಳ್ಳಿದ ಒಂದು ಚೀಲ ಗೂಡು ಹೊತ್ತು ಮನೆಗೆ ಬಂದ ಸಂಜೆಯೇ ಆವಲಪ್ಪ ಮದುವೆಯ ಪಟ್ಟಿ ತೆಗೆದ.

“ತಾಂಬೂಲಕ್ಕೆ ಐನೂರು ಕವರು ಹೇಳ್ಬೇಕು. ಮೌನಿಕಾ, ಸುನೀಲ್‌ಕುಮಾರ್ ಅಂತ ಬಂಗಾರದ ಬಣ್ಣದಲ್ಲಿ ಹೆಸರು ಹಾಕ್ಸೋಣ.”

“ಆ ಹೆಸರನ್ನ ಯಾರ ಮನೆ ಹಿತ್ಲಲ್ಲಿ ಸುಡ್ಬೇಕು ಅಂತಾನೂ ಬರೆಸಿಬಿಡಿ,” ಎಂದಳು ಶ್ಯಾಮಲಮ್ಮ.

“ಎಲ್ರೂ ಕೊಡೋದನ್ನೇ ನಾವೂ ಕೊಡೋದು ಕಣೇ. ಬೀಗರು ಗೌರಿಬಿದನೂರಿನೋರು. ಬಟ್ಟೆ ಚೀಲ ಕೊಟ್ರೆ ಏನಂತಾರೆ? ಜಿಪುಣರು ಅಂತಾರೆ.”

“ಅನ್ನಲಿ. ಹುಳ ಸಾಯೋವಾಗ ಬಂದು ನೋಡಿದ್ರಾ ಅವರು? ಬೀಡಿಗೆ ರಸ್ತೆ ದಾಟಿ ಹೋಗೋ ಮನುಷ್ಯ ನೀವು. ಐನೂರು ಮನೆಗೆ ಹೊಗೆ ಹಂಚೋಕೆ ಹೊರಟಿದೀರಲ್ಲ.”

ಆವಲಪ್ಪ ಪೆನ್ನು ಹುಡುಕಿ, ‘ಕವರು’ ಎಂದಿದ್ದ ಕಡೆ ಗೀಟು ಎಳೆದ.

ಮರುದಿನದಿಂದ ಜಗಲಿಯೇ ಕಾರ್ಖಾನೆಯಾಯಿತು. ಹಳೆಯ ಹತ್ತಿ ಸೀರೆಗಳನ್ನು ಒಗೆದು ತಂದರು. ಅನಸೂಯಮ್ಮ ತನ್ನ ಹೊಲಿಗೆ ಯಂತ್ರವನ್ನೇ ಹೊತ್ತು ತಂದು, ಯಾರೂ ಕೇಳುವ ಮೊದಲೇ ತುಳಿಯತೊಡಗಿದಳು. ಸಂಘಮಿತ್ರ ಟೀಚರ್ ಆ ಬೇಡದ ಗೂಡುಗಳನ್ನು ಒಣಗಿಸಿ, ಒಳಗಿನ ಹುಳು ತೆಗೆದು, ಕತ್ತರಿಯಲ್ಲಿ ದಳದ ಹಾಗೆ ಕತ್ತರಿಸಿ, ಅರಿಶಿನದಲ್ಲಿ ಅದ್ದಿ ಹೂ ಮಾಡುವುದು ತೋರಿಸಿಕೊಟ್ಟರು. ಚೀಲಕ್ಕೊಂದು ಗೂಡಿನ ಹೂ. ಒಳಗೆ ತೆಂಗಿನಕಾಯಿ, ಎಲೆ ಅಡಿಕೆ, ಕಾಗದದ ಪೊಟ್ಟಣದಲ್ಲಿ ಹೀರೆ, ಅವರೆ ಬೀಜ.

ಮದುವೆಯಲ್ಲಿ ಬೀಗಿತ್ತಿ ಚೀಲವನ್ನು ತಿರುಗಿಸಿ ಮುರುಗಿಸಿ ನೋಡಿದರು.

“ಈ ಹೂವು ಯಾವ ಅಂಗಡೀದು?” ಎಂದರು.

“ಅಂಗಡೀದಲ್ಲಮ್ಮ, ನಮ್ಮ ಹುಳದ್ದು,” ಎಂದ ಆವಲಪ್ಪ. ಬೀಗಿತ್ತಿ ತಮ್ಮ ಅಕ್ಕನಿಗೂ ಒಂದು ಕೇಳಿ ತೆಗೆದುಕೊಂಡರು.

ಅನಸೂಯಮ್ಮನ ಉಡುಗೊರೆಗೆ ಮಿಂಚುಕಾಗದ ಇರಲಿಲ್ಲ. ತೆಂಗಿನ ಚಿಪ್ಪಿನಲ್ಲಿ ನೆಟ್ಟ ನುಗ್ಗೆ ಸಸಿ. “ಹೊಸ ಮನೆ ಹಿತ್ಲಲ್ಲಿ ಹಾಕಮ್ಮ,” ಎಂದು ಮೌನಿಕಾಳ ಕೈಗಿಟ್ಟಳು, ಕಣ್ಣು ಮಾತ್ರ ಶ್ಯಾಮಲಮ್ಮನ ಮೇಲಿತ್ತು. ಶ್ಯಾಮಲಮ್ಮ ಅವಳ ಕೈ ಹಿಡಿದು ಊಟದ ಪಂಕ್ತಿಗೆ ಕರೆದುಕೊಂಡು ಹೋದಳು.

ಮದುವೆಯ ಮರುದಿನ ಎರಡು ಹಿತ್ತಲಲ್ಲೂ ಬೆಂಕಿ ಇರಲಿಲ್ಲ. ಉಂಡ ಬಾಳೆ ಎಲೆ ತಿಪ್ಪೆಗೆ ಹೋಗಿತ್ತು. ಹೊಸ ಬೆಳೆಯ ಹುಳು ಆಗಷ್ಟೇ ನಾಲ್ಕನೇ ಜ್ವರ ಎದ್ದಿತ್ತು. ಶ್ಯಾಮಲಮ್ಮ ಸೊಪ್ಪು ಹಾಕಿ, ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು. ಮಳೆ ಸುರಿದ ಹಾಗೆ ಸದ್ದು.

ಇದನ್ನು ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ನಾಳೆ ನಾಮಕರಣವೋ ಗೃಹಪ್ರವೇಶವೋ ಇರುತ್ತದೆ. ಹೆಸರು ಹಾಕಿಸಿದ ಕವರು ಕೊಟ್ಟು ದೊಡ್ಡವರಾದವರು ಯಾರೂ ಇಲ್ಲ. ಬಟ್ಟೆ ಚೀಲ ಹೊಲಿಯಿರಿ, ಬೀಜ ಕೊಡಿ, ಸಸಿ ಕೊಡಿ, ನಿಮ್ಮ ಕೈಯಾರೆ ಮಾಡಿದ್ದು ಕೊಡಿ. ಅಷ್ಟು ಮಾಡಲು ನಾಚಿಕೆಯಾದರೆ, ನೀವು ಕೊಟ್ಟದ್ದನ್ನು ಸುಡುವ ದಿನ ಪಕ್ಕದ ಮನೆಯ ತೊಟ್ಟಿಲ ಹತ್ತಿರ ಒಂದು ಗಳಿಗೆ ನಿಂತು ನೋಡಿ.